ಅಲಾಯಿ ಕುಣಿಯ ಸುತ್ತ: ಬೈಲಹೊಂಗಲ ಸೀಮೆಯ ಬೆಂಕಿ, ಹಾಡು ಮತ್ತು ಬೇಸಿಗೆಯ ರಾತ್ರಿ

ಈ ವಾರದ ಕಂತು ಬೆಂಕಿಯ ಬಗ್ಗೆ. ಗಾಬರಿ ಆಗಬ್ಯಾಡ್ರಿ, ಎಲ್ಲೂ ಬೆಂಕಿ ಬಿದ್ದಿಲ್ಲ. ನಾವಾಗೇ ಹಚ್ಚಿಕೊಂಡು, ಸುತ್ತ ಕೂತು, ಹಾಡಿ, ಕುಣಿದು, ನಕ್ಕು ರಾತ್ರಿ ಕಳೀತಿದ್ದ ಬೆಂಕಿಯ ಮಾತು.

ಈಗ ಯಾವ ರೆಸಾರ್ಟಿನ ಪಟ್ಟಿ ನೋಡಿದರೂ ಕ್ಯಾಂಪ್‌ಫೈರ್ ಅನ್ನೋದೊಂದು ಐಟಂ ಇರ್ತದ. ನಾನು ಬಿ.ಕಾಂ ಓದಿದವ, ಮೊದಲು ಕಣ್ಣು ಹೋಗೋದು ಅದರ ಮುಂದಿನ ರೇಟಿಗೆ. ಹಿತ್ತಲದಾಗ ದುಂಡಗೆ ಕಲ್ಲು ಜೋಡಿಸಿ 'ಫೈರ್ ಪಿಟ್' ಮಾಡೋದು ಹೆಂಗ ಅನ್ನೋ ರೀಲ್ಸಂತೂ ಲೆಕ್ಕ ಇಲ್ಲದಷ್ಟು. ನೋಡಿದಾಗೆಲ್ಲ ನನಗ ಅನಸೋದು ಇಷ್ಟೇ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯವರಿಗೆ ಇದನ್ನ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಕಡೆ ಇದು ಹಿತ್ತಲದಾಗ ಇರಲಿಲ್ಲ, ಊರ ನಡುವೆ ಇತ್ತು. ಅದಕ್ಕ ಹೆಸರೂ ಇತ್ತು: ಅಲಾಯಿ ಕುಣಿ.

ಅದಕ್ಕೂ ಮೊದಲು ಸಣ್ಣ ಬೆಂಕಿಗಳ ಸುದ್ದಿ ಒಂದಿಷ್ಟು ಮುಗಿಸಿಬಿಡೋಣ. ಮಲಪ್ರಭೆ ಆಜುಬಾಜಿನ ಎರೆ ಹೊಲದಾಗ ಹಿಂಗಾರಿ ಜೋಳ ಹಾಲುಗಾಳು ಆದಾಗ ಹೊಲದಲ್ಲೇ ಕುಣಿ ತೋಡಿ, ಕುಳ್ಳು ಒಟ್ಟಿ, ತೆನಿ ಸುಟ್ಟು ಸೀತನಿ ತಿನ್ನೋದು ಚಳಿಗಾಲದ ಬೆಂಕಿ. ಅದು ಆರಿದ ಮೇಲೆ ಹೋಳಿ ಹುಣ್ಣಿಮೆಗೆ ಕಾಮಣ್ಣನ ಬೆಂಕಿ. ಅದಕ್ಕಾಗಿ ಹುಡುಗರು ಮನಿಮನಿ ಕಟ್ಟಿಗಿ, ಕುಳ್ಳು ಕದಿಯೋದು, ಬಾಯಿ ಬಡಕೊಳ್ಳೋದು ನಿಮಗ ಗೊತ್ತೇ ಅದ. ಆಗ ಹೇಳೋ ಪದ ಮಾತ್ರ ಸುದ್ದಿ ತಾಣದಾಗ ಹಾಕೋ ಹಂಗಿಲ್ಲ. ಆ ಕೆಂಡ ಮನಿಗೆ ತಂದು ಕಡ್ಲಿ ಸುಟ್ಟು ತಿಂದರೆ ಹಲ್ಲು ಗಟ್ಟಿ ಆಗ್ತಾವ ಅಂತ ನಮ್ಮ ಕಡೆ ನಂಬಿಕೆ. ಮೂರನೆಯದು ಯಾರ ಗಮನಕ್ಕೂ ಬಾರದ ಬೆಂಕಿ, ಹಲಗಿ ಕಾಯಿಸೋ ಬೆಂಕಿ. ಚರ್ಮದ ಹಲಗಿ ಥಂಡಿ ಹತ್ತಿದರೆ ಸಡಿಲಾಗ್ತದ, ದನಿ ಬರೋದಿಲ್ಲ. ಒಂದು ಸಿವುಡು ಕಣಕಿಯೋ ಸೊಪ್ಪಿಯೋ ಹಚ್ಚಿ ಅದರ ಮುಂದ ಹಿಡಿದು ಕಾಯಿಸಬೇಕು, ಬೆರಳಿನಿಂದ ಬಡಿದು ನೋಡಬೇಕು, ಮತ್ತ ಕಾಯಿಸಬೇಕು. ಅಂದ್ರ ಎಲ್ಲಿ ಬಾರಿಸೋರು ಇದ್ದರೋ ಅಲ್ಲಿ ಬೆಂಕಿ ಇರಲೇಬೇಕಿತ್ತು.

ಬೇಸಿಗೆಯೇ ಯಾಕ ಅಂದ್ರ, ಹಿಂಗಾರಿ ಸುಗ್ಗಿ ಮುಗಿದು ಮುಂಗಾರಿ ಮಳಿ ಬೀಳೋತನಕ ರೈತನ ಕೈ ಖಾಲಿ. ಹಗಲು ಹೊರಗ ನಿಲ್ಲಾಕ ಆಗದ ಬಿಸಿಲು, ರಾತ್ರಿ ಮನಿಯೊಳಗ ಮಲಗಾಕ ಆಗದ ಸೆಖೆ. ಜಾತ್ರಿ, ದೊಡ್ಡಾಟ, ಸಣ್ಣಾಟ, ಗೀಗೀ ಮೇಳ ಎಲ್ಲಕ್ಕೂ ಇದೇ ಕಾಲ. ಆದರೆ ಅಲಾಯಿ ಕುಣಿಗೆ ಮಾತ್ರ ಕಾಲ ಗೊತ್ತುಪಡಿಸಿದ್ದು ರೈತನ ಪಂಚಾಂಗ ಅಲ್ಲ, ಚಂದ್ರ.

ಅಲಾಯಿ ಕುಣಿ ಅಂದ್ರ ಮೊಹರಂನಾಗ ಮಸೂತಿ ಮುಂದ ತೋಡೋ ಬೆಂಕಿಯ ಗುಂಡಿ. ಹಿಂದಿಯಲ್ಲಿ ಇವತ್ತಿಗೂ 'ಅಲಾವ್' ಅಂದ್ರ ಸುತ್ತ ಕೂತು ಮೈ ಕಾಯಿಸಿಕೊಳ್ಳೋ ಬೆಂಕಿ. ದಖನಿ ಮಾತಿನಾಗ ಅದು ಅಲಾವಾ, ನಮ್ಮ ಬಾಯಾಗ ಅಲಾಯಿ. ಇನ್ನ 'ಕುಣಿ' ಅನ್ನೋ ಪದಕ್ಕ ನಮ್ಮ ಭಾಷಾದಾಗ ಎರಡು ಅರ್ಥ, ಗುಂಡಿ ಅಂತನೂ ಹೌದು, ನರ್ತಿಸು ಅಂತನೂ ಹೌದು. ಕುಣಿಯ ಸುತ್ತ ಕುಣಿಯೋ ಜನಕ್ಕ ಇದಕ್ಕಿಂತ ಛಲೋ ಹೆಸರು ಎಲ್ಲಿ ಸಿಗಬೇಕು.

ಚಂದ್ರ ಕಂಡ ಮೇಲೆ ಗುದ್ದಲಿ ಹಾಕ್ತಾರ. ಹಿಂದಿನ ವರ್ಷ ತೋಡಿದ ಜಾಗದಾಗೇ ಮತ್ತ ತೋಡ್ತಾರ. ಪಂಜಾಗಳನ್ನ ಕೂಡಸ್ತಾರ. ದಿನಾ ಸಂಜಿ ಬೆಂಕಿ, ಹಲಗಿ, ಸುತ್ತಲೂ ಹೆಜ್ಜಿ. ಹರಕಿ ಹೊತ್ತವರು ಕಟ್ಟಿಗಿ, ಉಪ್ಪು ತಂದು ಹಾಕ್ತಾರ, ಹುಡುಗರು ಹುಲಿ ಆಗ್ತಾರ, ಕೈಗೆ ಲಾಡಿ ಕಟ್ಟಿಕೊಂಡು ಫಕೀರ ಆಗ್ತಾರ. ಮೈಗೆ ಮಸಿ ಬಳಕೊಂಡು, ಹರಕು ಟೊಪಿಗಿ ಹಾಕ್ಕೊಂಡು ಊರ ಗೌಡನನ್ನೂ ಬಿಡದೆ ಅಣಕಿಸೋ ಸೋಗಿನವರು ಬರ್ತಾರ. ಮನಿಯಾಗ ಚೊಂಗೆ, ಮಾಲ್ದಿ. ಒಂಬತ್ತನೆಯ ರಾತ್ರಿ ಕತಲರಾತ್ರಿ, ಅವತ್ತು ಯಾರಿಗೂ ನಿದ್ದಿ ಇಲ್ಲ. ಹತ್ತನೆಯ ದಿನ ದೇವರು ಹೊಳಿಗೆ ಹೋಗೋದು. ಆಮೇಲೆ ಕುಣಿ ಮುಚ್ಚೋದು.

ಇಲ್ಲೊಂದು ಪ್ರಶ್ನೆ ಬರಬೇಕು, ಬರಲೇಬೇಕು. ಮೊಹರಂ ಅಂದ್ರ ಶೋಕ. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಾಗ ಪೈಗಂಬರರ ಮೊಮ್ಮಗ ಹುಸೇನರು, ಅವರ ಜೊತೆಗಿದ್ದವರು ನೀರಡಿಸಿ, ಹೋರಾಡಿ ಸತ್ತ ನೆನಪು. ಅಲ್ಲಿ ಹುಲಿ ವೇಷ ಯಾಕ, ನಗು ಯಾಕ?

ಇದು ನನ್ನ ಪ್ರಶ್ನೆ ಮಾತ್ರ ಅಲ್ರಿ. ಸುಮಾರು ಇನ್ನೂರು ವರ್ಷದ ಹಿಂದೆಯೇ ಒಬ್ಬರು ಇದನ್ನ ಎತ್ತಿದ್ದರು. ಜಾಫರ್ ಶರೀಫ್ ಅನ್ನೋರು ದಖ್ಖನಿನ ಮುಸಲ್ಮಾನರ ರೂಢಿಗಳ ಬಗ್ಗೆ ಬರೆದ 'ಕಾನೂನ್-ಎ-ಇಸ್ಲಾಂ' ಅನ್ನೋ ಪುಸ್ತಕ ಹರ್ಕ್ಲಾಟ್ಸ್ ಎಂಬ ವೈದ್ಯನ ಇಂಗ್ಲಿಷ್ ಅನುವಾದದಲ್ಲಿ 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಾಗ ಅಲಾವಾದ ವರ್ಣನೆ ಅದ. ಸಂಜಿ ಆದ ಕೂಡಲೇ ಬೆಂಕಿ ಹಚ್ಚೋದು, ಸಣ್ಣವರು ದೊಡ್ಡವರು ಅನ್ನದೆ ಕೋಲು ಕತ್ತಿ ಹಿಡಿದು ಬೆಂಕಿಯ ಆಚೀಚೆ ನಿಂತು ವರಸಿ ಆಡೋದು, ಕೆಲವರು ಬರೇ ಆಟಕ್ಕಂತ ಸುತ್ತು ಹಾಕೋದು. ಬರೆದವರಿಗೆ ಇದು ತಿಳಿಗೇಡಿಗಳ ಕೆಲಸ ಅನ್ನಿಸಿತ್ತು. ಅಂದ್ರ ಕಿತ್ತೂರು ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡ ಆ ಕಾಲಕ್ಕಾಗಲೇ ದಖ್ಖನಿನಾಗ ಈ ಕುಣಿಯ ಸುತ್ತ ಮೋಜೂ ಇತ್ತು, ಆ ಮೋಜಿನ ಬಗ್ಗೆ ತಕರಾರೂ ಇತ್ತು. ಇವತ್ತು ಒಂದು ಕಡೆಯವರು 'ಇದು ನಮ್ಮ ಧರ್ಮದಾಗ ಇಲ್ಲ' ಅಂತಾರ, ಇನ್ನೊಂದು ಕಡೆಯವರು 'ಇದು ನಮ್ಮ ಹಬ್ಬ ಅಲ್ಲ' ಅಂತಾರ. ತಕರಾರು ಹೊಸದಲ್ಲ, ಕುಣಿ ಅದನ್ನ ದಾಟಿಕೊಂಡೇ ಬಂದದ್ದು.

ನಮ್ಮ ಸೀಮೆಗೆ ಇದು ಹೆಂಗ ಬಂತು? ಬಿಜಾಪುರದ ಆದಿಲಶಾಹಿ 1490ರಿಂದ 1686ರ ತನಕ ಇತ್ತು, ಅದರ ಕೆಲವು ಸುಲ್ತಾನರು ಶಿಯಾ ಪಂಥದವರು. ಕಿತ್ತೂರು ಸಂಸ್ಥಾನ ಹುಟ್ಟಿದ್ದೂ ಆ ನೆರಳಿನಾಗೇ, ಅದರ ಮೂಲಪುರುಷರಾದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಆದಿಲಶಾಹಿ ಸೈನ್ಯದಾಗ ಇದ್ದವರು. ರಾಜ್ಯ ಹೋಯಿತು, ಹಬ್ಬ ಉಳಿಯಿತು. ಉಳಿಸಿದವರು ಯಾರು ಅನ್ನೋದೇ ಇಲ್ಲಿ ದೊಡ್ಡ ಮಾತು.

ಸವದತ್ತಿ ಕಡೆಯ ಹಿರೇಬಿದನೂರು ನೋಡ್ರಿ. 2022ರಲ್ಲಿ ದೇಶದ ಪತ್ರಿಕೆಗಳಾಗೆಲ್ಲ ಬಂದ ಊರು. ಸುಮಾರು ಮೂರು ಸಾವಿರ ಜನಸಂಖ್ಯೆ, ಮುಸ್ಲಿಂ ಮನೆ ಒಂದೂ ಇಲ್ಲ. ಊರ ನಡುವೆ ಫಕೀರೇಶ್ವರ ಸ್ವಾಮಿಯ ಮಸೂತಿ ಅದ. ಬಹಳ ಹಿಂದೆ ಇಬ್ಬರು ಮುಸ್ಲಿಂ ಅಣ್ಣತಮ್ಮಂದಿರು ಕಟ್ಟಿಸಿದ್ದು, ಅವರು ತೀರಿಹೋದ ಮೇಲೆ ಊರವರೇ ನಡೆಸಿಕೊಂಡು ಬಂದದ್ದು ಅಂತ ಹೇಳ್ತಾರ. ಪೂಜಿ ಮಾಡೋರು ಹಿಂದೂಗಳು. ಊರಾಗ ಹೆಚ್ಚಿನವರು ವಾಲ್ಮೀಕಿ, ಕುರುಬ ಸಮಾಜದವರು. ಮೊಹರಂ ಬಂದರೆ ಬೇರೆ ಊರಿನ ಮೌಲ್ವಿಯನ್ನ ಕರಸ್ತಾರ, ಐದು ದಿನ ಹಬ್ಬ ಮಾಡ್ತಾರ, ಪಂಜಿನ ಮೆರವಣಿಗೆ, ಕರ್ಬಲ ಕುಣಿತ, ಕೆಂಡ ಹಾಯೋದು ಎಲ್ಲಾ ನಡೀತದ. ಪತ್ರಿಕೆಗಳು ಇದನ್ನ ಪವಾಡ ಅನ್ನೋ ಹಂಗ ಬರೆದವು. ನನಗೇನೋ ಪವಾಡಕ್ಕಿಂತ ರೂಢಿ ಅನ್ನೋದು ಹೆಚ್ಚು ಸರಿ ಅನಸ್ತದ. ಉತ್ತರ ಕರ್ನಾಟಕದಾಗ ಇಂಥಾ ಊರು ಇದೊಂದೇ ಅಲ್ಲ.

ಹಂಗಾದ್ರ ಪ್ಯಾಟಿಯಾಗ ಏನಾತು? ಇದಕ್ಕ ಸ್ವಲ್ಪ ಪುಣೆಗೆ ಹೋಗಿ ಬರಬೇಕು, ಯಾಕಂದ್ರ ಬೆಳಗಾವಿ ಆಗ ಮುಂಬೈ ಪ್ರಾಂತದಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆತನಕ ಪುಣೆ, ಮುಂಬೈಯ ಮೊಹರಂನಾಗ ಹಿಂದೂಗಳು ದಂಡಿಯಾಗಿ ಸೇರ್ತಿದ್ದರು, ಹಾಡೋ ಮೇಳ ಕಟ್ಟತಿದ್ದರು. 1893ರ ಮುಂಬೈ ಗಲಭೆ ಆದ ಮೇಲೆ ಗಾಳಿ ತಿರುಗಿತು. ಸಾರ್ವಜನಿಕ ಗಣೇಶೋತ್ಸವ ಶುರುವಾಯಿತು, 1894ರಲ್ಲಿ ಪುಣೆಯ ಹಿಂದೂಗಳು ಮೊಹರಂನಿಂದ ಹಿಂದ ಸರಿದರು, ಹಾಡೋ ಮೇಳಗಳು ಗಣಪತಿ ಮುಂದ ಬಂದವು. ಬೆಳಗಾವಿಯ ಝೆಂಡಾ ಚೌಕಿನ ಸಾರ್ವಜನಿಕ ಗಣಪತಿಯ ಲೆಕ್ಕ 1905ರಿಂದ. ಮುಂಬೈ ಶಹರದಾಗ 1912ರ ಹೊತ್ತಿಗೆ ಪೊಲೀಸ್ ಕಮಿಷನರ್ ಎಡ್ವರ್ಡ್ಸ್ ಮೊಹರಂ ಮೆರವಣಿಗೆಗಳಿಗೆ ಕಡಿವಾಣ ಹಾಕಿದ. ಇಷ್ಟೆಲ್ಲಾ ಆದರೂ ಮಲಪ್ರಭೆ ದಂಡೆಯ ಹಳ್ಳಿಗಳಾಗ ಕುಣಿ ತೋಡೋದು ನಿಲ್ಲಲಿಲ್ಲ. ಯಾಕ ಅನ್ನೋದಕ್ಕ ನನ್ನ ಅಂದಾಜು ಒಂದದ, ಒಪ್ಪೋದು ಬಿಡೋದು ನಿಮಗ ಬಿಟ್ಟಿದ್ದು. ಶಹರದಾಗ ಹಬ್ಬ ಅಂದ್ರ ಒಂದು ಸಮಾಜದ್ದು, ಹಳ್ಳಿಯಾಗ ಹಬ್ಬ ಅಂದ್ರ ಪಟ್ಟಿ ಎತ್ತಿದ ಊರಿನದು. ಕಟ್ಟಿಗಿ ಕೊಟ್ಟವನು, ಹಲಗಿ ಬಾರಿಸಿದವನು, ಪಂಜಾ ಹೊತ್ತವನು, ಚೊಂಗೆ ಮಾಡಿದವಳು, ಎಲ್ಲಾರದೂ ಅದರಾಗ ಪಾಲು ಇತ್ತು. ಪಾಲುದಾರಿಕೆ ಮುರಿಯೋದು ಸುಲಭ ಅಲ್ಲ, ಇದು ಕಾಮರ್ಸ್ ಓದಿದವ ಹೇಳೋ ಮಾತು. ಆ ಪಾಲು ಸಮಾನ ಇತ್ತು ಅಂತ ಮಾತ್ರ ನಾನು ಹೇಳೋದಿಲ್ಲ. ಹಲಗಿ ಕಾಯಿಸಿ ಇಡೀ ರಾತ್ರಿ ಬಾರಿಸಿದವನನ್ನ ಬೆಳಗಾದ ಮೇಲೆ ಅಂಗಳದ ಆಚೆಗೇ ನಿಲ್ಲಿಸಿದ ಊರುಗಳೂ ಇದ್ದವು.

ಇನ್ನ ಹಾಡಿಗೆ ಬರೋಣ, ನನಗ ಬಹಳ ಇಷ್ಟದ ಭಾಗ ಇದು. ಕುಣಿಯ ಮುಂದ ಹಾಡೋದು ರಿವಾಯತ ಪದ. ರಿವಾಯತ ಅಂದ್ರ ಕಥನ. ಹಸನ, ಹುಸೇನ, ಫಾತೀಮಾ ಎಲ್ಲಾರೂ ಇಲ್ಲಿ ಜವಾರಿ ಕನ್ನಡ ಮಾತಾಡ್ತಾರ. ಕರ್ಬಲಾದ ಕಥೆಯ ಬೆನ್ನಿಗೆ ಮಹಾಭಾರತದ ಕಥೆಯೂ ಬರ್ತದ. ನೀರಡಿಕೆಯ ಪದ ಏಪ್ರಿಲ್ ತಿಂಗಳ ರಾತ್ರಿ ಹಾಡಿದರೆ ಹೆಂಗಿರತದ ವಿಚಾರ ಮಾಡ್ರಿ, ಬಾವಿ ತಳ ಕಂಡಿರೋ ಹೊತ್ತಿನಾಗ. ಬೇಸಿಗೆಯ ಬೇರೆ ರಾತ್ರಿಗಳಾಗ ಲಾವಣಿ, ಗೀಗೀ. ಹರದೇಶಿ ನಾಗೇಶಿ ಅಂತ ಎರಡು ಮೇಳ ಎದುರುಬದುರು ನಿಂತು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಡಪ್ಪು, ತುಂತುಣಿ ಹಿಡಿದು ಬೆಳಗಾಗೋತನಕ ವಾದ ಹಾಕೋದು.

ಇವೆಲ್ಲ ಬರೇ ಹೊತ್ತು ಕಳೆಯೋ ಹಾಡು ಆಗಿರಲಿಲ್ಲ. ಸಂಗೊಳ್ಳಿ ರಾಯಣ್ಣನನ್ನ ನಂದಗಡದಾಗ ಗಲ್ಲಿಗೆ ಹಾಕಿದ್ದು 1831ರ ಜನವರಿ 26. ಅವನ ಲಾವಣಿ ಅಚ್ಚಿನಾಗ ಬಂದದ್ದು ಅರ್ಧ ಶತಮಾನ ದಾಟಿದ ಮೇಲೆ, ಜೆ.ಎಫ್. ಫ್ಲೀಟ್ ಅನ್ನೋ ಮುಂಬೈ ಪ್ರಾಂತದ ಅಧಿಕಾರಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ 1885ರಿಂದ 1890ರ ನಡುವೆ ಕನ್ನಡ ಲಾವಣಿಗಳನ್ನ ಪ್ರಕಟಿಸಿದಾಗ. ಇಂಗ್ಲಿಷ್ ತಲೆಬರಹದಾಗ ರಾಯಣ್ಣ ಬರೇ 'ದಾಳಿಕೋರ'. ಅಲ್ಲೀತನಕ ಅವನನ್ನ ಕಾದಿದ್ದು ಕಾಗದ ಅಲ್ಲ, ಡಪ್ಪು ಹಿಡಿದವರ ಬಾಯಿ. ಅದೇ ಸಂಗ್ರಹದಾಗ ಹಲಗಲಿ ಬೇಡರ ಲಾವಣಿ ಅದ, ಬೈಲಹೊಂಗಲದ ಸಂಗ್ಯಾನ ಲಾವಣಿ ಅದ. ಇದೇ ಸಂಗ್ಯಾನ ಕೊಲೆಯ ಕಥೆ ಬೈಲವಾಡದ ಪತ್ತಾರ ಮಾಸ್ತರರ ಕೈಯಾಗ 'ಸಂಗ್ಯಾ ಬಾಳ್ಯಾ' ಸಣ್ಣಾಟ ಆಯಿತು. ಇನ್ನೊಂದು ಲಾವಣಿ ನೋಡಿ ನಾನು ಕುರ್ಚಿ ಬಿಟ್ಟು ಎದ್ದೆ: ಅದು ಇನ್‌ಕಮ್ ಟ್ಯಾಕ್ಸ್ ಬಗ್ಗೆ! ಈ ದೇಶಕ್ಕ ಆದಾಯ ತೆರಿಗೆ ಬಂದದ್ದು 1860ರಲ್ಲಿ. ಅದನ್ನ ನಮ್ಮ ಜನ ಡಪ್ಪಿನ ಮೇಲೆ ಹಾಡಿದ್ದರು. ಮೂರು ವರ್ಷ ಟ್ಯಾಕ್ಸೇಶನ್ ಕಲಿತರೂ ಇದನ್ನ ನನಗ ಯಾರೂ ಹೇಳಲಿಲ್ಲ.

ಈಗ ಏನಾಗ್ಯದ ಅಂದ್ರ, ಬೆಂಕಿಯ ಕೆಲಸಗಳು ಒಂದೊಂದಾಗಿ ಕಡಿಮಿ ಆಗ್ಯಾವ. ಮೊದಲು ಗ್ಯಾಸಬತ್ತಿ, ಆಮೇಲೆ ಕರೆಂಟು ಬಂದು ಬೆಳಕಿನ ಕೆಲಸ ಹೋತು. ಫೈಬರಿನ ಹಲಗಿ ಬಂತು, ಅದನ್ನ ಪಾನಾ ಹಾಕಿ ಬಿಗಿ ಮಾಡಿದರೆ ಸಾಕು, ಕಾಯಿಸೋ ಕೆಲಸ ಹೋತು. ಡಿಜೆ ಬಂದಲ್ಲಿ ಹಾಡೋರ ದನಿ ಕೇಳಸೋದೇ ಇಲ್ಲ. ಬಹಳಷ್ಟು ರಿವಾಯತ ಪದ ಹಾಡೋರ ನೆನಪಿನಾಗೋ, ಮಾಸಿದ ನೋಟಬುಕ್ಕಿನಾಗೋ ಉಳಿದಾವ.

ಇದರಾಗ ನನ್ನ ವಯಸ್ಸಿನವರಿಗೆ ಒಂದು ವಿಚಿತ್ರ ಲೆಕ್ಕ ಅದ. ಚಾಂದ್ರಮಾನ ವರ್ಷ 354 ದಿನದ್ದು, ಹಿಂಗಾಗಿ ಮೊಹರಂ ಪ್ರತಿವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರತದ, ಪೂರ್ತಿ ಒಂದು ಸುತ್ತು ಹಾಕಾಕ ಸುಮಾರು 33 ವರ್ಷ. 1966ರಲ್ಲಿ ಅದು ಮೇ ಶುರುವಿಗೆ ಬಂದಿತ್ತು, 1999ರಲ್ಲಿ ಏಪ್ರಿಲ್ ಕೊನೆಗೆ. ಆಗ ನಾವು ಕೂಸುಗಳು. ಬುದ್ಧಿ ತಿಳಿದ ಮೇಲೆ ನಾವು ನೋಡಿದ ಮೊಹರಂ ಎಲ್ಲಾ ಚಳಿಗಾಲದ್ದು, ಇಲ್ಲಾ ಮಳಿಗಾಲದ್ದು, ತಾಡಪತ್ರಿ ಕಟ್ಟಿ ಬೆಂಕಿ ಕಾಯ್ದಿದ್ದು. ಬೇಸಿಗೆಯ ಅಲಾಯಿ, ಸುಗ್ಗಿ ಮುಗಿದು ಬಿಡುವಾದ ಊರು ಪೂರ್ತಿ ಹೊರಗ ಬಂದು ಕೂತ ರಾತ್ರಿ, ನಮ್ಮ ಪೀಳಿಗೆ ನೋಡೇ ಇಲ್ಲ. 2029ಕ್ಕ ಅದು ಮತ್ತ ಮೇ ತಿಂಗಳಿಗೆ ಬರತದ. ಕಳೆದ ಬೇಸಿಗೆ ಸುತ್ತಿನಾಗ ನಲವತ್ತು ವರ್ಷದವರಾಗಿ ಮುಂದ ನಿಂತು ಹಾಡಿದವರಿಗೆ ಅಷ್ಟೊತ್ತಿಗೆ ಎಪ್ಪತ್ತು.

ಅದಕ್ಕ ಕೇಳುಗರಿಗೆ ಒಂದು ಕೆಲಸ. ನಿಮ್ಮ ಊರಾಗ ಅಲಾಯಿ ಕುಣಿ ಇದ್ದರೆ, ಈಗಲೂ ತೋಡ್ತಾರೋ ಇಲ್ಲೋ, ನಿಂತಿದ್ದರೆ ಯಾವ ವರ್ಷದಿಂದ ನಿಂತದ, ಗುದ್ದಲಿ ಹಾಕೋ ಹಕ್ಕು ಯಾವ ಮನಿದು, ಪದ ಹಾಡೋರು ಯಾರದಾರ ಅಂತ ಒಂದು ವಾಯ್ಸ್ ನೋಟ್ ಕಳಿಸ್ರಿ. ಹಾಡೋರು ಒಪ್ಪಿದರೆ ಒಂದು ಪದ ರೆಕಾರ್ಡ್ ಮಾಡ್ರಿ, ಫೋನು ಬೆಂಕಿಗೆ ತೀರಾ ಹತ್ತಿರ ಇಡಬ್ಯಾಡ್ರಿ. ಹಲಗಿ ಚರ್ಮದ್ದೋ ಫೈಬರಿಂದೋ ಅನ್ನೋದನ್ನೂ ಮರೀದೇ ಹೇಳ್ರಿ.