ಕ್ಯಾಮೆರಾದ ಎದುರು ತಾವೇ ನಿಂತ ಪುಷ್ಪಮಾಲಾ

ನಮ್ಮ ಮಾದಾಪುರದ ಕಡೆ ಮದುವೆಯಾದರೆ ಕುಪ್ಯಚೇಲೆ ತೊಟ್ಟವರ ಫೋಟೊ ತೆಗೆಯಲು ಪರಊರಿನವರೂ ಮೊಬೈಲ್ ಹಿಡಿದು ಮುಂದೆ ಬರುತ್ತಾರೆ. ಸಂಜೆಯೊಳಗೆ ಆ ಫೋಟೊ ಎಲ್ಲೋ 'ಕೊಡಗಿನ ಸಂಸ್ಕೃತಿ' ಎಂದು ಹರಿದಾಡುತ್ತದೆ. ಅದರಲ್ಲಿ ಇರುವವರ ಹೆಸರು ಮಾತ್ರ ಇರುವುದಿಲ್ಲ.

ಇದು ಮೊಬೈಲ್ ಬಂದ ಮೇಲೆ ಶುರುವಾದದ್ದಲ್ಲ. 1901ರಲ್ಲಿ ಟಿ.ಎಚ್. ಹಾಲೆಂಡ್ ಎಂಬ ಬ್ರಿಟಿಷ್ ಭೂವಿಜ್ಞಾನಿ ಕೊಡವರನ್ನೂ ಯರವರನ್ನೂ ಹೋಲಿಸಿ ಒಂದು ಲೇಖನ ಪ್ರಕಟಿಸಿದರು. ಕಲ್ಲು ಪರೀಕ್ಷಿಸುವವರು ಇಲ್ಲಿ ಮನುಷ್ಯರ ದೇಹದ ಅಳತೆ ನೋಡಿದ್ದರು. ತಲೆ, ಮೂಗು, ಎತ್ತರ ಅಳೆದು ಜನರನ್ನು ವಿಂಗಡಿಸುವುದೇ ವಿಜ್ಞಾನ ಎಂದು ನಂಬಿದ್ದ ಕಾಲ ಅದು. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟಗಳನ್ನು ತಂದರು. ಅಂಥ ಕೆಲಸಕ್ಕೆ ಅಳತೆಯ ಉಪಕರಣದ ಜೊತೆ ಕ್ಯಾಮೆರಾವೂ ಬೇಕಾಗಿತ್ತು. ಕೆಲವು ಕಡೆ ಚೌಕಳಿ ಪರದೆಯ ಮುಂದೆ ಜನರನ್ನು ನಿಲ್ಲಿಸಿ ಫೋಟೊ ತೆಗೆದರು.

ಸುಮಾರು ನೂರು ವರ್ಷದ ನಂತರ ಕನ್ನಡ ನಾಡಿನ ಒಬ್ಬ ಕಲಾವಿದೆ ಅಂಥದೇ ಪರದೆಯ ಮುಂದೆ ತಾವೇ ಹೋಗಿ ನಿಂತರು. ಅವರೇ ಎನ್. ಪುಷ್ಪಮಾಲಾ.

1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪುಷ್ಪಮಾಲಾ, ಬರೋಡದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಕಲಿತವರು. ಮೊದಲು ಕೈಗೆ ಹತ್ತಿದ್ದು ಮಣ್ಣು. ಸುಟ್ಟ ಮಣ್ಣಿನ ಹೆಣ್ಣುಮಕ್ಕಳ ಶಿಲ್ಪಗಳಿಂದ ಹೆಸರಾದರು. 1986ರ ಟ್ರಿಯೆನಾಲೆ ಎಂಬ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ 1990ರ ದಶಕದ ನಡುವೆ ಅವರು ಫೋಟೊ ಕಡೆಗೆ ಹೊರಳಿದರು. ವೇಷ ಹಾಕಿ, ಸೆಟ್ ಕಟ್ಟಿ, ಕ್ಯಾಮೆರಾದ ಎದುರು ತಾವೇ ಪಾತ್ರವಾದರು. ನಾಟಕ, ಸಿನಿಮಾ, ಶಿಲ್ಪ ಎಲ್ಲ ಒಂದೇ ಚಿತ್ರದೊಳಗೆ ಸೇರಿಕೊಂಡವು.

ಅವರ ದೊಡ್ಡ ಕೆಲಸ 'ದಕ್ಷಿಣ ಭಾರತದ ಸ್ಥಳೀಯ ಹೆಂಗಸರು: ನಡೆನುಡಿ, ಆಚಾರ' ಎಂಬ ಅರ್ಥದ ಹೆಸರಿನ ಫೋಟೊ ಸರಣಿ. ಬೆಂಗಳೂರಿನ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಇದನ್ನು ಮಾಡಿದರು. ಹೆಸರೇ ಆ ಹಳೆಯ ಸಂಪುಟಗಳ ಅಣಕ. ಇದರಲ್ಲಿ ಪುಷ್ಪಮಾಲಾ ರವಿವರ್ಮನ ಲಕ್ಷ್ಮಿಯಾಗುತ್ತಾರೆ, ಬಿಜಾಪುರದ ಹಳೆಯ ಚಿತ್ರದ ಯೋಗಿನಿಯಾಗುತ್ತಾರೆ, ಅಳತೆಗೆ ಸಿಕ್ಕ ತೋಡ ಹೆಂಗಸಾಗುತ್ತಾರೆ. ಪತ್ರಿಕೆಯಲ್ಲಿ ಬಂದಿದ್ದ, ಪೊಲೀಸರು ಹಿಡಿದ ಹೆಂಗಸರ ಫೋಟೊವನ್ನೂ ಬಿಟ್ಟಿಲ್ಲ. ದೇವಿ, ಬುಡಕಟ್ಟಿನವಳು, ಆರೋಪಿ — ಮುಖ ಒಂದೇ. ಹಣೆಪಟ್ಟಿ ಅಂಟಿಸಿದವರು ಯಾರು ಎಂದು ನೋಡುವವರೇ ಕೇಳಿಕೊಳ್ಳಬೇಕಾಗುತ್ತದೆ.

ಬೇರೆ ಕಲಾವಿದರಿಗೆ ಜಾಗ ಮಾಡಿಕೊಡುವ ಕೆಲಸವೂ ಅವರದು. ಅದಕ್ಕೆ ಕ್ಯುರೇಟರ್ ಎನ್ನುತ್ತಾರೆ. ಯಾವ ಕೃತಿ ಬೇಕು, ಯಾವುದರ ಪಕ್ಕ ಯಾವುದು, ಎಲ್ಲಿ ತೋರಿಸಬೇಕು ಎಂದು ಯೋಚಿಸಿ ಜೋಡಿಸುವವರು. ಬೆಂಗಳೂರಿನಲ್ಲಿ 'ಸೋಂಬೇರಿಕಟ್ಟೆ' ಎಂಬ ಕಾಲ್ಪನಿಕ ಸಂಸ್ಥೆಯನ್ನು ಹುಟ್ಟುಹಾಕಿದರು. ಅಶ್ವತ್ಥಕಟ್ಟೆಯ ಮೇಲೆ ಹರಟೆ ಹೊಡೆದು ಬೆಳೆದ ನಮಗೆ ಆ ಹೆಸರು ಬಿಡಿಸಿ ಹೇಳಬೇಕಿಲ್ಲ. 2019ರಲ್ಲಿ ಚೆನ್ನೈ ಫೋಟೊ ಬಿಯೆನಾಲೆಯ ಎರಡನೇ ಆವೃತ್ತಿಗೆ ಕಲಾ ನಿರ್ದೇಶಕಿಯಾದರು.

ಪತ್ರಕರ್ತೆ ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರಂದು ಕೊಲೆಯಾದರು. ಮರುವರ್ಷ ಪುಷ್ಪಮಾಲಾ ಗೆಳತಿಯ ನೆನಪಿಗೆ ಮಾಡಿದ ವಿಡಿಯೊದ ಹೆಸರು 'ಗೌರಿ ಲಂಕೇಶರ ಅರ್ಜೆಂಟ್ ಸಾರು'. ಅದರಲ್ಲಿ ಭಾಷಣವಿಲ್ಲ, ಅಡುಗೆಯಿದೆ. ಸುದ್ದಿಯಾಗಿಬಿಟ್ಟ ಹೆಂಗಸನ್ನು ಮತ್ತೆ ಮನೆಯ ಒಲೆಯ ಹತ್ತಿರ ಕರೆತಂದ ಹಾಗೆ.

ಪತ್ರಿಕೋದ್ಯಮ ಓದಿ ಊರಿಗೆ ಬಂದ ನಮಗೆ ಇದೆಲ್ಲ ದೂರದ ಸಂಗತಿಯಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಮ್ಮ ಸೀಮೆಯವರ ಅಳುವ ಮುಖಗಳು ದೇಶವೆಲ್ಲ ಸುತ್ತಿದವು. 'ಸಂತ್ರಸ್ತರು' ಎಂಬ ಒಂದೇ ಪದದ ಕೆಳಗೆ ಎಷ್ಟು ಜನರ ಹೆಸರು ಮುಚ್ಚಿಹೋಯಿತು! ಅಂದು ಚೌಕಳಿ ಪರದೆ ಮಾಡಿದ್ದನ್ನೇ ಇಂದು ಒಂದು ಅವಸರದ ಶೀರ್ಷಿಕೆಯೂ ಮಾಡಬಲ್ಲದು.

ಹಾಗಾಗಿ ನಾವು ಒಂದು ರೂಢಿ ಮಾಡಿಕೊಂಡಿದ್ದೇವೆ. ಫೋಟೊ ತೆಗೆಯುವ ಮೊದಲು ಕೇಳುತ್ತೇವೆ. ತೆಗೆದ ಮೇಲೆ ಅವರಿಗೇ ತೋರಿಸುತ್ತೇವೆ. ಕೆಳಗೆ ಏನು ಬರೆಯಲಿ ಎಂದೂ ಅವರನ್ನೇ ಕೇಳುತ್ತೇವೆ. ಹೆಸರು ಬೇಡ ಎಂದವರ ಮಾತಿಗೂ ಅಷ್ಟೇ ಬೆಲೆ. ಮುಂದಿನ ಮದುವೆಯಲ್ಲಿ ನೀವೂ ಮೊಬೈಲ್ ಎತ್ತುವ ಮೊದಲು ಒಂದು ಮಾತು ಕೇಳಿ ನೋಡಿ.