ಅರುಣ್ ಖೇತರ್‌ಪಾಲ್

ಅರುಣ್ ಖೇತರ್‌ಪಾಲ್ (1950–1971): ಭಾರತೀಯ ಸೇನೆಯ ಸೆಕೆಂಡ್ ಲೆಫ್ಟಿನೆಂಟ್, ಪರಮವೀರ ಚಕ್ರ ಪುರಸ್ಕೃತ. ಪುಣೆಯಲ್ಲಿ 14 ಅಕ್ಟೋಬರ್ 1950ರಂದು ಸೈನಿಕ ಮನೆತನದಲ್ಲಿ ಜನನ. ಸನಾವರದ ಲಾರೆನ್ಸ್ ಶಾಲೆಯಲ್ಲಿ ಓದಿ, ಜೂನ್ 1971ರಲ್ಲಿ ಪೂನಾ ಹಾರ್ಸ್ ಟ್ಯಾಂಕ್ ದಳವನ್ನು ಸೇರಿದರು. ಆರೇ ತಿಂಗಳಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ ಬಂತು.

ಡಿಸೆಂಬರ್ 16ರಂದು ಶಕರ್‌ಗಢ ವಲಯದ ಬಸಂತರ್ ನದಿಯ ಬಳಿ, ಜರ್ಪಾಲ್‌ನಲ್ಲಿ, ಪಾಕಿಸ್ತಾನದ ಟ್ಯಾಂಕುಗಳು ಪ್ರತಿದಾಳಿಗಿಳಿದವು. ‘ಫಾಮಾಗುಸ್ಟಾ’ ಎಂಬ ಸೆಂಚೂರಿಯನ್ ಟ್ಯಾಂಕಿನಲ್ಲಿದ್ದ ಖೇತರ್‌ಪಾಲ್ ಸಂಖ್ಯೆಯಲ್ಲಿ ಹೆಚ್ಚಿದ್ದ ಶತ್ರುವನ್ನು ತಡೆದು ನಿಂತರು. ಟ್ಯಾಂಕಿಗೆ ಬೆಂಕಿ ಹತ್ತಿ, ತಾವೂ ತೀವ್ರವಾಗಿ ಗಾಯಗೊಂಡಾಗ ಹೊರಬರುವಂತೆ ಆದೇಶ ಬಂತು. ತಾವು ಕದಲಿದರೆ ಶತ್ರು ನುಗ್ಗುವುದು ಖಚಿತವೆಂದು ಅರಿತಿದ್ದ ಅವರು, ಫಿರಂಗಿ ಇನ್ನೂ ಕೆಲಸ ಮಾಡುತ್ತಿದೆ ಎಂದು ತಿಳಿಸಿ ಹೋರಾಟ ಮುಂದುವರಿಸಿದರು. ಮತ್ತೊಂದು ಟ್ಯಾಂಕನ್ನು ಧ್ವಂಸಗೊಳಿಸಿದ ಮೇಲೆ ಬಿದ್ದ ಹೊಡೆತಕ್ಕೆ ಬಲಿಯಾದರು. ಆಗ ಅವರಿಗೆ 21 ವರ್ಷ. ಅದೇ ದಿನ ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾಯಿತು.

ಪರಮವೀರ ಚಕ್ರ ಮರಣೋತ್ತರವಾಗಿ ಸಂದಿತು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕವಾಯತು ಮೈದಾನಕ್ಕೆ ಅವರ ಹೆಸರಿದೆ. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೂ ಅದನ್ನಿಟ್ಟರು. ಇವೆಲ್ಲಕ್ಕಿಂತ ಮನ ಕಲಕುವುದು 2001ರ ಘಟನೆ. ಹುಟ್ಟೂರು ಸರ್ಗೋಧಾ ನೋಡಲು ಪಾಕಿಸ್ತಾನಕ್ಕೆ ಹೋದ ತಂದೆ, ನಿವೃತ್ತ ಬ್ರಿಗೇಡಿಯರ್ ಎಂ. ಎಲ್. ಖೇತರ್‌ಪಾಲ್ ಅವರನ್ನು ಲಾಹೋರಿನಲ್ಲಿ ಆದರದಿಂದ ಸತ್ಕರಿಸಿದವರು ಪಾಕಿಸ್ತಾನಿ ಸೇನೆಯ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸಿರ್. ಅರುಣ್ ಮಡಿದದ್ದು ತಮ್ಮ ಕೈಯಿಂದಲೇ ಎಂದು ನಾಸಿರ್ ಆ ತಂದೆಯ ಮುಂದೆ ಹೇಳಿಕೊಂಡರು, ಅರುಣ್‌ರ ಶೌರ್ಯಕ್ಕೆ ಗೌರವ ಸಲ್ಲಿಸಿದರು.