ಗಿಟಾರಿನ ಕತ್ತಿನೊಳಗೊಂದು ಸರಳು

ಇಲ್ಲಿ ಅಮೆರಿಕದ ಗಿಟಾರ್ ರಿಪೇರಿ ಅಂಗಡಿಗಳಲ್ಲಿ ‘ಸೆಟಪ್’ ಅಂತ ಒಂದು ಕೆಲಸಕ್ಕೆ ಬೇರೆಯೇ ದರ ಇರುತ್ತೆ. ಹೊಸ ಗಿಟಾರ್ ಕೊಂಡವರಿಗೂ ಒಮ್ಮೆ ಮಾಡಿಸ್ಕೊಳ್ಳಿ ಅಂತಾರೆ. ಹೊಸದಕ್ಕೆ ಎಂಥ ರಿಪೇರಿ ಮಾರಾಯ್ರೆ! ಆದರೆ ಇದು ರಿಪೇರಿ ಅಲ್ಲ. ತಂತಿ ಎಷ್ಟು ಎತ್ತರದಲ್ಲಿರಬೇಕು, ಕತ್ತು ಎಷ್ಟು ಬಾಗಿರಬೇಕು, ಮೇಲಿನ ಮೆಟ್ಟಿಲುಗಳಲ್ಲೂ ಶ್ರುತಿ ನಿಲ್ಲುತ್ತಾ ಅಂತ ನೋಡಿ, ನುಡಿಸುವವರ ಕೈಗೆ ಹೊಂದಿಸಿಕೊಡೋದು. ವೀಣೆಗೆ ಮೇಣದ ಮೇಲೆ ಮೆಟ್ಟಿಲು ಕೂರಿಸಿ ಮೇಳ ಕಟ್ತಾರಲ್ಲ, ಅದರ ದೂರದ ನೆಂಟ ಅನ್ನಿ. ವೀಣೆಯಲ್ಲಿ ಮೇಣ ಮೆತ್ತಗೆ ಮಾಡಿ ಮೆಟ್ಟಿಲನ್ನೇ ಸರಿಸಬಹುದು. ಗಿಟಾರಿನ ಮೆಟ್ಟಿಲು ಮರಕ್ಕೆ ಬಡಿದು ಕೂರಿಸಿದ್ದು, ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಹಾಗಾಗಿ ಮಿಕ್ಕಿದ್ದನ್ನೆಲ್ಲ ಅಲ್ಲಾಡುವ ಹಾಗೆ ಮಾಡಬೇಕಾಯ್ತು. ಆ ಕಥೆಯ ಮೊದಲ ಅಧ್ಯಾಯ ನಡೆದದ್ದು ನಾನಿರೋ ಮಿಶಿಗನ್ ರಾಜ್ಯದಲ್ಲೇ, ಕಲಮಜೂ ಎಂಬ ಊರಿನಲ್ಲಿ.

ಮೊದಲು ಗಿಟಾರಿಗೆ ಇದ್ದದ್ದು ಕರುಳಿನ ತಂತಿ. ಉಕ್ಕಿನ ತಂತಿ ಬಂದಾಗ ಸದ್ದಿನ ಜೊತೆ ಎಳೆತವೂ ಏರಿತು. ಇವತ್ತಿನ ಅಕೌಸ್ಟಿಕ್ ಗಿಟಾರಿನ ಆರು ತಂತಿ ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೀತವೆ. ಹಗಲೂ ರಾತ್ರಿ ಒಬ್ಬ ಆಳು ಜೋತುಬಿದ್ದ ಹಾಗೆ! ಕತ್ತು ಬಿಲ್ಲಿನಂತೆ ಬಾಗದೆ ಇನ್ನೇನು? ಕತ್ತನ್ನು ದಪ್ಪ ಮಾಡೋದು, ಒಳಗೆ ಗಟ್ಟಿ ಪಟ್ಟಿ ಹುದುಗಿಸೋದು ಆಗಿನ ಉಪಾಯ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಕತ್ತಿನೊಳಗೆ ಒಂದು ಉಕ್ಕಿನ ಸರಳು ಇಟ್ಟು, ಅದರ ತುದಿಗೆ ನಟ್ ಹಾಕಿದ. ನಟ್ ಬಿಗಿಸಿದರೆ ತಂತಿಯ ಎಳೆತಕ್ಕೆ ಎದುರಾಗಿ ಕತ್ತು ಹಿಂದಕ್ಕೆ ಬಾಗುತ್ತೆ, ಸಡಿಲಿಸಿದರೆ ಮುಂದಕ್ಕೆ. 1921ರಲ್ಲಿ ಅರ್ಜಿ, 1923ರಲ್ಲಿ ಪೇಟೆಂಟ್. ಇಲ್ಲಿಯ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯೊಳಗೆ ನಮ್ಮ ತುಟಿ ಒಡೆಯೋ ಹಾಗೆ ಮರವೂ ಒಣಗುತ್ತೆ, ಬೇಸಿಗೆಯಲ್ಲಿ ಮತ್ತೆ ಉಬ್ಬುತ್ತೆ. ಋತು ಬದಲಾದಾಗ ಕತ್ತನ್ನು ತಿದ್ದೋಕೆ ಒಂದು ಕೀಲಿ ಸಿಕ್ಕಿದ್ದು ಆವಾಗ. ಈ ಕಸುಬಿನ ಬುಡ ಇದೇ ಅಂತ ನನ್ನ ಲೆಕ್ಕ.

ಇನ್ನು ಕ್ಯಾಲಿಫೋರ್ನಿಯಾದ ಫುಲರ್ಟನ್ನಿಗೆ ಹೋಗೋಣ. ಲಿಯೋ ಫೆಂಡರ್ 1938ರಲ್ಲಿ ಅಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದವ. ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ, ಯೋಚನೆಯೆಲ್ಲ ರಿಪೇರಿಯವನದ್ದು. 1950ರ ಅವನ ಮೊದಮೊದಲ ಗಿಟಾರುಗಳಲ್ಲಿ ಸರಳೇ ಇರಲಿಲ್ಲ. ಮೇಪಲ್ ಮರ ಗಟ್ಟಿ, ಕತ್ತು ಕೆಟ್ಟರೆ ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಹಾಕಿದರಾಯ್ತು! ವರ್ಷ ಮುಗಿಯೋ ಹೊತ್ತಿಗೆ ಸರಳು ಹಾಕಲೇಬೇಕಾಯ್ತು. ತಮಾಷೆ ನೋಡಿ, ಅದರ ನಟ್ ಇಟ್ಟದ್ದು ಕತ್ತಿನ ಬುಡದಲ್ಲಿ. ತಿರುಗಿಸಬೇಕಾದರೆ ಸಾಮಾನ್ಯವಾಗಿ ತಂತಿ ಸಡಿಲಿಸಿ, ಕತ್ತು ಬಿಚ್ಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಕೂರಿಸಿ, ಶ್ರುತಿ ಮಾಡಿ ನೋಡಬೇಕು. ಸಾಲದಿದ್ದರೆ ಮತ್ತೆ ಬಿಚ್ಚಿ! ರಿಪೇರಿಯವನೇ ರಿಪೇರಿಯವರಿಗೆ ಕೊಟ್ಟ ಶಿಕ್ಷೆ ಇದು.

ಕುದುರೆಯ (ಅಂದರೆ ಬ್ರಿಡ್ಜ್) ವಿಷಯದಲ್ಲಿ ಮಾತ್ರ ಅವನು ಬೇಗ ಕಲಿತ. ತಂತಿ ಒತ್ತಿದಾಗ ಎಳೆತ ಒಂಚೂರು ಹೆಚ್ಚಿ ಶ್ರುತಿ ಏರುತ್ತೆ, ಒಂದೊಂದು ತಂತಿಗೆ ಒಂದೊಂದು ಥರ. ಅದಕ್ಕೆ ತಂತಿಯ ಉದ್ದವನ್ನು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಮಾಡಬೇಕು. ಟೆಲಿಕಾಸ್ಟರಿನಲ್ಲಿ ಎರಡೆರಡು ತಂತಿಗೆ ಒಂದು ಸ್ಯಾಡಲ್, ಒಂದು ಸರಿಯಾದರೆ ಪಕ್ಕದ್ದು ಮುನಿಸಿಕೊಳ್ಳುತ್ತೆ. 1954ರ ಸ್ಟ್ರಾಟೊಕಾಸ್ಟರಿನಲ್ಲಿ ಆರಕ್ಕೆ ಆರು ಬಂತು. 1951ರ ಪ್ರಿಸಿಷನ್ ಬೇಸಿಗೆ ಆ ಹೆಸರು ಬಂದದ್ದೇ ಮೆಟ್ಟಿಲಿರುವುದರಿಂದ ಸ್ವರ ಖಚಿತ ಅಂತ. ಆದರೆ ಅದರ ನಾಲ್ಕು ದಪ್ಪ ತಂತಿಗೆ ಎರಡೇ ಸ್ಯಾಡಲ್! ನಾಲ್ಕಾಗಲು 1957 ಆಗಬೇಕಾಯ್ತು.

1962ರಲ್ಲಿ ಎರ್ನಿ ಬಾಲ್ ‘ಸ್ಲಿಂಕಿ’ ಎಂಬ ತೆಳು ತಂತಿ ಮಾರುಕಟ್ಟೆಗೆ ತಂದ. ಎಳೆತ ತಗ್ಗಿದರೆ ಸರಳು ಸಡಿಲಿಸಬೇಕು. ಸುರುಳಿ ಸುತ್ತಿದ ಮೂರನೇ ತಂತಿಯ ಜಾಗಕ್ಕೆ ಬೋಳು ತಂತಿ ಬಂದರೆ ಕುದುರೆಯ ಹಳೇ ಲೆಕ್ಕವೂ ತಪ್ಪು. ಒಮ್ಮೆ ಮಾಡಿದರೆ ಮುಗೀತು ಅನ್ನೋ ಹಾಗಿಲ್ಲ, ತಂತಿಯ ದಪ್ಪ ಬದಲಾದಾಗಲೆಲ್ಲ ಕೆಲಸ.

ಪೇಟೆಂಟಿನಲ್ಲಿ ಮೆಕ್‌ಹ್ಯೂ ಹೆಸರು ಉಳೀತು. ಪೆನ್ಸಿಲ್ವೇನಿಯಾದ ಮಾರ್ಟಿನ್ ಗಿಟಾರುಗಳನ್ನು ಬದುಕಿಸಿದವರ ಹೆಸರು ಯಾರಿಗೆ ಗೊತ್ತು? ಅವುಗಳಲ್ಲಿ ತಿರುಗಿಸೋ ಸರಳು ಇರಲಿಲ್ಲ. ಕತ್ತು ಬಾಗಿದರೆ ಮೆಟ್ಟಿಲುಗಳನ್ನೆಲ್ಲ ಕಿತ್ತು, ದಪ್ಪ ಬುಡದವನ್ನು ಬಡಿದು ಕೂರಿಸೋರು. ಬೆಣೆ ಹೊಡೆದಂತೆ ಮರ ಬಿಗಿದು ನೆಟ್ಟಗಾಗೋದು. ಅಂದಾಜೆಲ್ಲ ಕೈಯಲ್ಲೇ. ಈ ಕೈವಿದ್ಯೆಯನ್ನು ಅಳತೆ ಸಮೇತ ಕಾಗದಕ್ಕಿಳಿಸಿದವರಲ್ಲಿ ಮುಖ್ಯನಾದವ ಡ್ಯಾನ್ ಅರ್ಲೆವೈನ್, ನಮ್ಮ ಆನ್ ಆರ್ಬರಿನಲ್ಲಿ ಪಳಗಿದವ. 1972ರಲ್ಲಿ ಆಲ್ಬರ್ಟ್ ಕಿಂಗ್‌ಗೆ ಗಿಟಾರ್ ಮಾಡಿಕೊಟ್ಟವನೂ ಇವನೇ. 1990ರ ಅವನ ರಿಪೇರಿ ಪುಸ್ತಕದಲ್ಲಿ ಹೆಸರಾಂತ ವಾದಕರ ಗಿಟಾರುಗಳ ಸೆಟಪ್ ವಿವರಗಳೂ ಇವೆ.

ಮಾರ್ಟಿನ್ ಕಂಪನಿ ಕೊನೆಗೂ ತಿರುಗಿಸೋ ಸರಳಿಗೆ ಒಪ್ಪಿದ್ದು 1985ರಲ್ಲಿ, ಮೆಕ್‌ಹ್ಯೂ ಪೇಟೆಂಟ್ ಸಿಕ್ಕಿ 62 ವರ್ಷದ ಮೇಲೆ. ಅಷ್ಟರಲ್ಲಿ ಗಿಬ್ಸನ್ ಕಲಮಜೂ ಕಾರ್ಖಾನೆಗೆ ಬೀಗ ಜಡಿದು ವರ್ಷವಾಗಿತ್ತು. ನ್ಯಾಶ್‌ವಿಲ್‌ಗೆ ಹೋಗದೆ ಊರಲ್ಲೇ ಉಳಿದ ಕೆಲವು ಹಳೇ ಕೆಲಸಗಾರರು ಅದೇ ಕಟ್ಟಡದಲ್ಲಿ, ಅದೇ 1985ರಲ್ಲಿ, ‘ಹೆರಿಟೇಜ್’ ಅಂತ ಗಿಟಾರ್ ಕಂಪನಿ ಶುರು ಮಾಡಿದರು.